ಪಶ್ಚಿಮದ ಗೋಡೆಗೆ ಹಂದರ: ಮೈಸೂರಿನ ಒಂದು ಮೂಲೆ ಮನೆಯ ಪ್ರಕರಣ

ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವಾಗ ದುಡ್ಡೆಲ್ಲ ಮುಂಭಾಗಕ್ಕೇ ಹೋಗುತ್ತದೆ. ಎದುರಿಗೆ ಕಲ್ಲು, ತೇಗ, ಗಾಜು ಎಲ್ಲ ಇರುತ್ತವೆ. ಪಕ್ಕಕ್ಕೆ ಬಂದರೆ ಬರೀ ಗಾರೆ, ಮೇಲೊಂದು ತಿಳಿ ಬಣ್ಣ, ತಾರಸಿಯಿಂದ ಇಳಿದ ಪಿವಿಸಿ ಪೈಪು. ಅಕ್ಕಪಕ್ಕ ಮನೆ ಬಂದರೆ ಆ ಗೋಡೆ ಮುಚ್ಚಿಹೋಗುತ್ತದೆ. ಮೂಲೆ ಸೈಟಿನಲ್ಲಿ ಹಾಗಾಗುವುದಿಲ್ಲ. ಇಡೀ ಅಡ್ಡರಸ್ತೆಗೆ ಅದು ಕಾಣುತ್ತಲೇ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಮೈಸೂರಿನ ಅಂಥದ್ದೇ ಒಂದು ಮನೆಯ ವಿಷಯ. 30×40 ಅಡಿ ಸೈಟು, ಉತ್ತರಕ್ಕೆ ಬಾಗಿಲು, ಪಶ್ಚಿಮಕ್ಕೆ ಅಡ್ಡರಸ್ತೆ. ಮನೆಯಲ್ಲಿ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿ (ನಾನು ಅಮ್ಮ ಎನ್ನುವುದು ಅವರನ್ನೇ), ಇಬ್ಬರೇ. ಮನೆಗಳಿಗೆ ಕೈತೋಟ ಮಾಡಿಕೊಡುವುದು ನನ್ನ ಕೆಲಸ. ಅವರು ನನ್ನನ್ನು ಕರೆದದ್ದು ಆ ಪಶ್ಚಿಮದ ಗೋಡೆ "ಬೋಳಾಗಿ ಕಾಣುತ್ತೆ, ಏನಾದ್ರೂ ಮಾಡಿ" ಎಂದು ಹೇಳಲು.

ಗೋಡೆಯ ಉದ್ದ ಸುಮಾರು ಮೂವತ್ತು ಅಡಿ, ಎತ್ತರ ಎರಡು ಅಂತಸ್ತು. ಗೋಡೆಗೂ ಕಾಂಪೌಂಡಿಗೂ ನಡುವೆ ನಾಲ್ಕು ಅಡಿ ಓಣಿ. ಉತ್ತರದ ತುದಿಯಲ್ಲಿ ಮೆಟ್ಟಿಲ ಕೋಣೆ, ಅಲ್ಲಿ ಕಿಟಕಿಯೇ ಇಲ್ಲ. ನಡುವೆ ಬಚ್ಚಲುಮನೆ. ದಕ್ಷಿಣದ ತುದಿಯಲ್ಲಿ, ಅಂದರೆ ನೈರುತ್ಯ ಮೂಲೆಯಲ್ಲಿ, ನೆಲ ಅಂತಸ್ತಿನ ಮಲಗುವ ಕೋಣೆ. ಅದಕ್ಕೆ ಪಶ್ಚಿಮಕ್ಕೆ ಒಂದು ಕಿಟಕಿ.

ವಾಸ್ತು ನೋಡಿ ಕಟ್ಟಿದ ಮನೆಗಳಲ್ಲಿ ಯಜಮಾನರ ಕೋಣೆ ನೈರುತ್ಯಕ್ಕೇ ಬರುತ್ತದೆ. ಮಧ್ಯಾಹ್ನದ ಬಿಸಿಲು ಹೆಚ್ಚಾಗಿ ಹೊಡೆಯುವ ಮೂಲೆಯೂ ಅದೇ. ಬೇಸಿಗೆಯಲ್ಲಿ ಒಂದು ಗಂಟೆಗೆ ಶುರುವಾದ ಬಿಸಿಲು ಸಂಜೆ ಆರರ ತನಕ ಆ ಗೋಡೆ ಬಿಟ್ಟು ಹೋಗುವುದಿಲ್ಲ. ಆರಿಂಚಿನ ಸಿಮೆಂಟ್ ಬ್ಲಾಕಿನ ಗೋಡೆ ಆ ಶಾಖವನ್ನೆಲ್ಲ ಕುಡಿದು, ಕೆಲವು ಗಂಟೆ ಹಿಡಿದಿಟ್ಟುಕೊಂಡು, ಸರಿಯಾಗಿ ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಅಮ್ಮ ಇದನ್ನು ಮಾತಿನ ನಡುವೆ ಸುಮ್ನೆ ಹೇಳಿದರು: "ಏಪ್ರಿಲ್‌ನಲ್ಲಿ ಹಾಸಿಗೆ ಹಾಲ್‌ಗೆ ತಂದ್ಕೊಂಡು ಮಲಗ್ತೀವಿ." ಅಂದಕ್ಕಿಂತ ಮುಖ್ಯವಾದ ವಿಷಯ ಇದು ಅಂತ ನನಗನ್ನಿಸಿತು. ಅಲ್ಲಿಂದ ಮುಂದೆ ಗೋಡೆಯನ್ನು ನಾನು ನೋಡಿದ ರೀತಿಯೇ ಬೇರೆಯಾಯಿತು. ಎಲ್ಲಿ ಹಸಿರು ಚೆನ್ನಾಗಿ ಕಾಣುತ್ತದೆ ಎನ್ನುವುದರ ಜೊತೆಗೆ, ಎಲ್ಲಿ ನೆರಳು ಬೇಕು ಎನ್ನುವುದೂ ಸೇರಿಕೊಂಡಿತು.

ಮೊದಲು ಬಂದ ಸಲಹೆಗಳು

ನಾನು ಹೋಗುವ ಮೊದಲೇ ಅವರು ನಾಲ್ಕೈದು ಕಡೆ ವಿಚಾರಿಸಿದ್ದರು. ಕಲ್ಲಿನ ಕ್ಲಾಡಿಂಗ್, ಅಂದರೆ ಗೋಡೆಗೆ ಕಲ್ಲಿನ ತುಂಡು ಅಂಟಿಸುವುದು, ಮಾಡಿಸಿ ಎಂದವರಿದ್ದರು. ಎರಡು ಅಂತಸ್ತಿನ ಗೋಡೆಗೆ ಅದು ದುಬಾರಿ. ಬಿಸಿಲಿಗೆ ಹಿಗ್ಗಿ ಕುಗ್ಗಿ ಮೇಲಿನ ತುಂಡುಗಳು ಸಡಿಲವಾದರೆ ಕೆಳಗೆ ಓಡಾಡುವವರ ಗತಿ? ಟೆಕ್ಸ್ಚರ್ ಪೇಂಟ್ ಹೊಡೆಸಿದರೆ ಕಾಣಲು ಬೇರೆಯಾಗುತ್ತದೆ, ಬಿಸಿ ಹಾಗೇ ಉಳಿಯುತ್ತದೆ. ಪ್ಲಾಸ್ಟಿಕ್ ಎಲೆಯ ಹಾಸು ಪಶ್ಚಿಮದ ಬಿಸಿಲಿಗೆ ಬೇಗ ಬಣ್ಣ ಕಳೆದುಕೊಂಡು ಪುಡಿಯಾಗುತ್ತದೆ. ಇನ್ನೊಬ್ಬರು ಗೋಡೆ ತುಂಬ ಚಿಕ್ಕ ಕುಂಡಗಳನ್ನು ಸಿಕ್ಕಿಸುವ ವರ್ಟಿಕಲ್ ಗಾರ್ಡನ್ ಹೇಳಿದ್ದರು. ಆಫೀಸುಗಳಲ್ಲಿ, ಹೋಟೆಲುಗಳಲ್ಲಿ ಅದನ್ನು ನೋಡಿಕೊಳ್ಳಲು ಸಂಬಳದ ಜನ ಇರುತ್ತಾರೆ. ಒಂದು ಹಿಡಿ ಮಣ್ಣಿನ ಕುಂಡ ಏಪ್ರಿಲ್ ಬಿಸಿಲಿಗೆ ಅರ್ಧ ದಿನದಲ್ಲಿ ಒಣಗುತ್ತದೆ. ಪಂಪು, ಟೈಮರು, ಹನಿ ನೀರಿನ ಪೈಪು ಇದ್ದರಷ್ಟೇ ಅದು ಬದುಕುವುದು. ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಗೆ ಅದನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ. ನೆಲದಲ್ಲಿ ಬೇರು ಬಿಟ್ಟ ಬಳ್ಳಿ ಹಾಗಲ್ಲ. ಮೂರು ದಿನ ಊರಿಗೆ ಹೋಗಿ ಬಂದರೂ ತಡೆಯುತ್ತದೆ.

ಅಮ್ಮನ ಮನಸ್ಸಿನಲ್ಲಿ ಇದ್ದದ್ದು ಬೇರೆ ಚಿತ್ರ. ಹಳೆಯ ಬಂಗಲೆಗಳ ಕಾಂಪೌಂಡಿಗೆ ಅಂಟಿಕೊಂಡು, ಕಲ್ಲೇ ಕಾಣದ ಹಾಗೆ ಪುಟ್ಟ ಎಲೆಗಳ ಬಳ್ಳಿ ಹಬ್ಬಿರುತ್ತದಲ್ಲ, ಅದು. ಫೈಕಸ್ ಪ್ಯೂಮಿಲಾ. ನಿಜವಾಗಿಯೂ ಚಂದದ ಬಳ್ಳಿ. ಹಂದರ ಬೇಡ, ಕಟ್ಟುವುದು ಬೇಡ, ಕಾಂಡದಿಂದ ಪುಟ್ಟ ಬೇರು ಬಿಟ್ಟು ತಾನೇ ಹತ್ತುತ್ತದೆ. ತೊಂದರೆಯೂ ಅಲ್ಲೇ ಇರುವುದು. ಆ ಬೇರುಗಳು ಅಂಟು ಸುರಿಸಿ ಬಣ್ಣಕ್ಕೆ, ಗಾರೆಗೆ ಹಿಡಿದುಕೊಳ್ಳುತ್ತವೆ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ನುಗ್ಗುತ್ತವೆ. ಕಿತ್ತರೆ ಬಣ್ಣದ ಚಕ್ಕೆ ಜೊತೆಯಲ್ಲೇ ಬರುತ್ತದೆ, ಕಂದು ಗುರುತು ಉಳಿಯುತ್ತದೆ. ಬಲಿತ ಮೇಲೆ ಎಲೆ ದೊಡ್ಡದಾಗಿ, ಕೊಂಬೆಗಳು ಗೋಡೆಯಿಂದ ಹೊರಗೆ ಚಾಚುತ್ತವೆ. ಕಲ್ಲಿನ ಕಾಂಪೌಂಡಿಗೆ ಇದೆಲ್ಲ ನಡೆಯುತ್ತದೆ, ಅದಕ್ಕೆ ಯಾರೂ ಬಣ್ಣ ಹೊಡೆಯುವುದಿಲ್ಲ. ವಾಸದ ಮನೆಯ ಬಣ್ಣದ ಗೋಡೆಗೆ ಬೇಡ ಎಂದೆ. ಅಮ್ಮನಿಗೆ ಬೇಸರವಾಯಿತು. ಕಾಂಪೌಂಡಿನ ಒಳಮೈಗೆ ಬೇಕಾದರೆ ಒಂದು ಗಿಡ ಹಾಕೋಣ ಎಂದು ಒಪ್ಪಿಸಿದೆ.

ಮೇಷ್ಟ್ರಿಗೆ ಬಳ್ಳಿಯೇ ಬೇಡವಾಗಿತ್ತು. ಅವರ ಭಯ ಮೂರು. ಗೋಡೆ ತೇವ ಹಿಡಿಯುತ್ತದೆ, ಬೇರು ಪಾಯಕ್ಕೆ ಹೋಗುತ್ತದೆ, ಹಾವು ಬರುತ್ತದೆ. ಈ ಮೂರೂ ಮಾತು ನಾನು ಹೋದ ಮನೆಗಳಲ್ಲೆಲ್ಲ ಕೇಳಿದ್ದೇನೆ. ಮೂರರಲ್ಲೂ ಅರ್ಥ ಇದೆ. ಎಲೆ ಗೋಡೆಗೆ ಒತ್ತಿಕೊಂಡು ನಿಂತರೆ ಮಳೆಗಾಲದಲ್ಲಿ ಗೋಡೆ ಒಣಗುವುದಿಲ್ಲ, ಪಾಚಿ ಕಟ್ಟುತ್ತದೆ. ಆದರೆ ನಡುವೆ ಗಾಳಿ ಆಡಲು ಜಾಗ ಬಿಟ್ಟರೆ ಆಗುವುದು ಉಲ್ಟಾ. ಪಶ್ಚಿಮದ ಗಾಳಿಯ ಜೊತೆ ಬರುವ ಎರಚಲು ಬಹುಪಾಲು ಎಲೆಯ ಮೇಲೇ ಬೀಳುತ್ತದೆ. ಗೋಡೆಗೂ ಬಳ್ಳಿಗೂ ನಡುವಿನ ಆ ಖಾಲಿ ಜಾಗವೇ ಈ ಕೆಲಸದ ಜೀವ. ಉಳಿದದ್ದನ್ನೆಲ್ಲ ಅದನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಮಾಡಿದೆವು.

ಬಳ್ಳಿ ಮೊದಲು, ಹಂದರ ಆಮೇಲೆ

ಜಾಸ್ತಿ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ವೆಲ್ಡರ್ ಹತ್ತಿರ ಹೋಗಿ ಯಾವುದೋ ಚಿತ್ರ ತೋರಿಸಿ ಜಾಲರಿ ಮಾಡಿಸುತ್ತಾರೆ. ಗೋಡೆಗೆ ಹೊಡೆಸುತ್ತಾರೆ. ಆಮೇಲೆ ನರ್ಸರಿಗೆ ಹೋಗಿ "ಯಾವ್ದಾದ್ರೂ ಬಳ್ಳಿ ಕೊಡಿ" ಎನ್ನುತ್ತಾರೆ. ಆದರೆ ಬಳ್ಳಿಗಳೆಲ್ಲ ಒಂದೇ ರೀತಿ ಹತ್ತುವುದಿಲ್ಲ. ಶಂಖಪುಷ್ಪ, ಅವರೆ, ಬಸಳೆಯಂಥವು ಕಾಂಡವನ್ನೇ ಸುತ್ತಿಸಿಕೊಂಡು ಏರುತ್ತವೆ. ಅವಕ್ಕೆ ಮೇಲೆ ಹೋಗುವ ಸಣ್ಣ ತಂತಿ ಅಥವಾ ಹುರಿ ಸಾಕು. ದಪ್ಪ ಪೈಪು ಕೊಟ್ಟರೆ ಸುತ್ತಲಾರದೆ ಜಾರುತ್ತವೆ. ಹೀರೆ, ಹಾಗಲ, ತೊಂಡೆ, ಪ್ಯಾಷನ್ ಫ್ರೂಟ್ ಇವೆಲ್ಲ ಸ್ಪ್ರಿಂಗಿನಂಥ ಕುಡಿ ಚಾಚಿ ಹಿಡಿದುಕೊಳ್ಳುತ್ತವೆ. ಅವಕ್ಕೆ ಅಡ್ಡಡ್ಡ ತಂತಿಯೂ ಬೇಕು. ಜಾಜಿ, ಕಾಗದದ ಹೂವು ಇವಕ್ಕೆ ಹಿಡಿಯುವ ಅಂಗವೇ ಇಲ್ಲ. ಒರಗಿಕೊಂಡು ಏರುವ ಪೊದೆಗಳು ಅವು, ನಾವೇ ಕಟ್ಟಬೇಕು. ಮಧುಮಾಲತಿ ಒಂದು ವಿಶೇಷ. ಸುತ್ತಿಯೂ ಹತ್ತುತ್ತದೆ. ಜೊತೆಗೆ ಹಳೆಯ ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಾಗಿ ಉಳಿಯುತ್ತದೆ, ಅದರಿಂದ ಸಿಕ್ಕಿಸಿಕೊಳ್ಳುತ್ತದೆ.

ಮೆಟ್ಟಿಲ ಕೋಣೆಯ ಗೋಡೆಗೆ ಮಧುಮಾಲತಿಯನ್ನೇ ಆರಿಸಿದೆವು. ರಂಗೂನ್ ಕ್ರೀಪರ್ ಎಂದೂ ಕರೆಯುತ್ತಾರೆ. ಸಂಜೆ ಬೆಳ್ಳಗೆ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುವ ಹೂವು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಇರುತ್ತದೆ. ರಾತ್ರಿ ಪರಿಮಳ. ಬಿಸಿಲು ಜಾಸ್ತಿಯಾದಷ್ಟೂ ಅದಕ್ಕೆ ಖುಷಿ. ಆದರೆ ಇದು ಬಲವಾದ ಬಳ್ಳಿ. ಬುಡದ ಸುತ್ತ ಮರಿ ಏಳಿಸುತ್ತದೆ, ಬಿಟ್ಟರೆ ಸೂರಿನ ಮೇಲೇ ಹೋಗುತ್ತದೆ. ಕಿಟಕಿ ಇಲ್ಲದ, ತಾರಸಿಯಿಂದ ಕೈಗೆ ಸಿಗುವ ಜಾಗವಾದ್ದರಿಂದಲೇ ಅಲ್ಲಿ ಧೈರ್ಯ ಮಾಡಿದೆ. ಕಿಟಕಿ ಪಕ್ಕ ನಾನು ಅದನ್ನು ಎಂದೂ ಹಾಕುವುದಿಲ್ಲ.

ಮಲಗುವ ಕೋಣೆಯ ಕಿಟಕಿಯ ಎರಡೂ ಬದಿಗೆ ಜಾಜಿ. ಇದು ಅಮ್ಮನ ಆಯ್ಕೆ. ದೇವರಿಗೆ ಹೂವಾಯಿತು, ರಾತ್ರಿ ಕಿಟಕಿ ತೆರೆದರೆ ಪರಿಮಳವೂ ಬರುತ್ತದೆ. ನನ್ನ ಲೆಕ್ಕಕ್ಕೂ ಸರಿಹೋಯಿತು. ಹಗುರವಾದ ಬಳ್ಳಿ, ಕಡಿಸಿಕೊಂಡಷ್ಟೂ ಹೊಸ ಚಿಗುರು, ಹೊಸ ಚಿಗುರಲ್ಲೇ ಹೂವು.

ಬಚ್ಚಲುಮನೆಯ ಭಾಗಕ್ಕೆ ಕಾಯಂ ಬಳ್ಳಿ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಅಲ್ಲಿ ಪೈಪುಗಳಿವೆ, ಕೆಳಗೆ ಚರಂಡಿಯ ಚೇಂಬರ್ ಇದೆ. ಇಂದಲ್ಲ ನಾಳೆ ಪ್ಲಂಬರ್ ಬರಲೇಬೇಕು. ಬಲವಾದ ಬಳ್ಳಿ ಪಿವಿಸಿ ಪೈಪನ್ನು ಸುತ್ತಿ ದಪ್ಪಗಾದರೆ ಜಾಯಿಂಟ್ ಎಳೆದುಬಿಡುತ್ತದೆ. ಆದ್ದರಿಂದ ಅಲ್ಲಿ ನಾಲ್ಕು ತಂತಿ ಮಾತ್ರ. ಬೀಜದಿಂದ ಬರುವ ಶಂಖಪುಷ್ಪ, ಮಳೆಗಾಲಕ್ಕೆ ಹೀರೆ. ಬೇಡವಾದಾಗ ಕಿತ್ತುಹಾಕಿದರಾಯಿತು. ಮೊದಲ ವರ್ಷ ಉಳಿದ ಬಳ್ಳಿಗಳು ನಿಧಾನವಾಗಿ ಏಳುವಾಗ ಗೋಡೆಗೆ ಹಸಿರು ಕೊಟ್ಟದ್ದು ಇವೇ.

ಬಿಟ್ಟ ಬಳ್ಳಿಗಳ ಬಗ್ಗೆಯೂ ಒಂದು ಮಾತು. ಕಾಗದದ ಹೂವಿನ ಮುಳ್ಳು ನಾಲ್ಕು ಅಡಿ ಓಣಿಯಲ್ಲಿ ನಡೆಯುವವರ ಕೈ ಗೀರುತ್ತದೆ. ಮನಿಪ್ಲಾಂಟ್ ಗೋಡೆಗೆ ಅಂಟುತ್ತದೆ, ಪಶ್ಚಿಮದ ಬಿಸಿಲಿಗೆ ಎಲೆಯೂ ಸುಡುತ್ತದೆ. ಮೇಷ್ಟ್ರು ಎಲ್ಲೋ ನೋಡಿ ಕೇಳಿದ್ದು ಥನ್‌ಬರ್ಜಿಯಾ ಮೈಸೊರೆನ್ಸಿಸ್. ನಮ್ಮ ಪಶ್ಚಿಮ ಘಟ್ಟದ್ದೇ ಬಳ್ಳಿ, ಹೆಸರಲ್ಲೇ ಮೈಸೂರಿದೆ. ಹಳದಿ-ಕೆಂಪು ಹೂಗಳ ಉದ್ದುದ್ದ ಸರ ಇಳಿಬಿಡುತ್ತದೆ, ಸೂರಕ್ಕಿಗಳು ಬಂದು ತೂಗಾಡುತ್ತವೆ. ಈ ಊರಿನಲ್ಲಿ ಅದನ್ನು ಬೆಳೆಸುವವರು ಜಾಸ್ತಿಯಾಗಲಿ ಎಂದು ನನಗೆ ನಿಜಕ್ಕೂ ಆಸೆ ಇದೆ. ಆದರೆ ಆ ಸರ ಇಳಿಯಬೇಕಾದರೆ ತಲೆ ಮೇಲೆ ಚಪ್ಪರ ಬೇಕು, ಕೆಳಗೆ ನಿಂತು ನೋಡಬೇಕು. ಚಪ್ಪಟೆ ಗೋಡೆಗೆ ಹಬ್ಬಿಸಿದರೆ ಅರ್ಧ ಅಂದ ಎಲೆಯೊಳಗೇ ಹೋಗುತ್ತದೆ. ಆ ಬಳ್ಳಿಗೆ ಮನೆ ಮುಂದಿನ ಕಾರ್ ನಿಲ್ಲಿಸುವ ಜಾಗವೇ ಸರಿ ಎಂದು ಹೇಳಿದೆ.

ಹಂದರದ ಕೆಲಸ

ಕರಾವಳಿಯಲ್ಲಿ ಬಸಳೆ ಚಪ್ಪರ ಇಲ್ಲದ ಹಿತ್ತಲು ಕಡಿಮೆ. ಮಲೆನಾಡಿನಲ್ಲಿ ಅಡಿಕೆ ದಬ್ಬೆ ಸೀಳಿ ಬೇಲಿ ಕಟ್ಟುತ್ತಾರೆ. ಬಳ್ಳಿಗೆ ಆಸರೆ ಕಟ್ಟುವುದು ನಮಗೆ ಹೊಸದೇನಲ್ಲ. ದಬ್ಬೆ, ಬಿದಿರು ನೋಡಲು ಚಂದ, ಅಗ್ಗ. ಆದರೆ ಬಿಸಿಲು-ಮಳೆಗೆ ಕೆಲವೇ ವರ್ಷದಲ್ಲಿ ಸವೆಯುತ್ತವೆ, ಮಣ್ಣಿಗೆ ತಾಗಿದರೆ ಗೆದ್ದಲು ಹತ್ತುತ್ತದೆ. ಅವು ಹಾಳಾಗುವ ಹೊತ್ತಿಗೆ ಬಳ್ಳಿ ಬಲಿತಿರುತ್ತದೆ, ಬದಲಾಯಿಸುವುದು ಕಷ್ಟ. ಹಾಗಾಗಿ ಇಲ್ಲಿ ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಚೌಕ ಪೈಪಿನ ಚೌಕಟ್ಟು ಮಾಡಿಸಿದೆವು, ಒಳಗೆ ಜಿಐ ತಂತಿ. ಮೆಟ್ಟಿಲ ಕೋಣೆಗೆ ಆರಡಿ ಅಗಲ, ಎಂಟಡಿ ಎತ್ತರದ ಎರಡು ಚೌಕಟ್ಟು, ಒಂದರ ಮೇಲೊಂದು. ಕಿಟಕಿಯ ಆಚೀಚೆ ಮೂರಡಿ ಅಗಲದ ಎರಡು.

ವೆಲ್ಡರ್ ಎರಡಿಂಚು ಕಣ್ಣಿನ ವೆಲ್ಡ್ ಮೆಶ್ ಜಾಲರಿ ತೋರಿಸಿ ಇದನ್ನೇ ಹಾಕಿಬಿಡೋಣ ಎಂದರು. ಬೇಗ ಮುಗಿಯುವ ಕೆಲಸ. ನಾನು ಒಪ್ಪಲಿಲ್ಲ. ಕಣ್ಣು ಸಣ್ಣದಿದ್ದರೆ ಬಳ್ಳಿ ಒಳಗೆ-ಹೊರಗೆ ನೇಯ್ದುಕೊಂಡು ಹೋಗುತ್ತದೆ. ಕಾಂಡ ದಪ್ಪಗಾದ ಮೇಲೆ ತಂತಿ ಅದರೊಳಗೆ ಹೂತುಹೋಗುತ್ತದೆ. ಒಣಗಿದ ಕೊಂಬೆ ತೆಗೆಯಲು ಕೈ ತೂರುವುದಿಲ್ಲ. ಆರಿಂಚು ಚೌಕದ ಕಣ್ಣು ಇಟ್ಟರೆ ಕತ್ತರಿ ಹಿಡಿದ ಕೈ ಸಲೀಸಾಗಿ ಹೋಗಿಬರುತ್ತದೆ.

ಎರಡನೇ ಮಾತು ಅಳವಡಿಸುವ ರೀತಿಯ ಬಗ್ಗೆ ಬಂತು.

"ಗೋಡೆಗೆ ಹೋಲ್ಡ್‌ಫಾಸ್ಟ್ ಹಾಕಿ ಸಿಮೆಂಟ್ ಮಾಡ್ಬಿಡ್ಲಾ ಸಾರ್? ಅಲ್ಲಾಡಲ್ಲ."

"ಬೇಡಪ್ಪ. ಬಿಚ್ಚಿ ತೆಗೆಯೋ ಹಾಗಿರ್ಲಿ. ಬಣ್ಣ ಹೊಡೀಬೇಕಲ್ಲ ಮುಂದೆ."

"ಬಳ್ಳಿ ಹತ್ತಿದ್ಮೇಲೆ ಯಾರ್ ಸಾರ್ ಬಿಚ್ತಾರೆ?"

ಅವರ ಪ್ರಶ್ನೆ ಸರಿಯಾದದ್ದೇ. ಬಿಚ್ಚುವುದು ಸುಲಭವಾಗಿದ್ದರೆ ಮಾತ್ರ ಯಾರಾದರೂ ಬಿಚ್ಚುತ್ತಾರೆ. ಅದಕ್ಕೇ ಹೀಗೆ ಮಾಡಿದೆವು: ಗೋಡೆಯಿಂದ ನಾಲ್ಕಿಂಚು ಹೊರಗೆ ನಿಲ್ಲುವ ಎಲ್ ಕ್ಲಾಂಪುಗಳನ್ನು ಆಂಕರ್ ಬೋಲ್ಟಿನಿಂದ ಬಿಗಿದೆವು. ಮೇಲಿನ ಕ್ಲಾಂಪಿಗೆ ಕೊಕ್ಕೆ, ಕೆಳಗಿನದಕ್ಕೆ ಕೀಲು. ಮೇಲಿನ ಕೊಕ್ಕೆಯ ಬೋಲ್ಟ್ ತೆಗೆದರೆ ಚೌಕಟ್ಟು ಮುಂದಕ್ಕೆ ಬಾಗುತ್ತದೆ. ಹಿಂದೆ ಬ್ರಷ್ಷು, ರೋಲರು ಆಡುತ್ತದೆ. ಮೇಲಂತಸ್ತಿನ ಚೌಕಟ್ಟಿಗೆ ಕೀಲು ಬೇಡ, ಕೊಕ್ಕೆ ಮಾತ್ರ. ಅದನ್ನು ಹಗ್ಗ ಕಟ್ಟಿ ಇಳಿಸಬೇಕು.

ಬೋಲ್ಟ್ ಎಲ್ಲಿ ಬೀಳುತ್ತದೆ ಎನ್ನುವುದನ್ನು ನೋಡಲೇಬೇಕು. ಮಳೆಯಲ್ಲಿ ನೆನೆದ ಬಳ್ಳಿಯ ತೂಕ ಒಂದು ಕಡೆ, ಅದರ ಮೇಲೆ ಮೇ ತಿಂಗಳ ಗುಡುಗು ಮಳೆಯ ಗಾಳಿ. ಈ ಎಳೆತವನ್ನು ಬರೀ ಗಾರೆ ತಡೆಯುವುದಿಲ್ಲ. ಕಿಟಕಿಯ ಮೇಲಿನ ಲಿಂಟಲ್, ಸ್ಲ್ಯಾಬಿನ ಮಟ್ಟದ ಬೀಮು, ಪಾಯದ ಮೇಲಿನ ಪ್ಲಿಂತ್, ಹೀಗೆ ಕಾಂಕ್ರೀಟ್ ಇರುವಲ್ಲೇ ಮುಖ್ಯ ಬೋಲ್ಟುಗಳನ್ನು ಹಾಕಿಸಿದೆವು. ತೂತು ಹೊರಗಡೆಗೆ ತುಸು ಇಳಿಜಾರಾಗಿರುವಂತೆ ಡ್ರಿಲ್ ಮಾಡಿ, ಸುತ್ತ ಸಿಲಿಕಾನ್ ತುಂಬಿಸಿದೆವು. ಮೇಷ್ಟ್ರು ಏಣಿಯ ಕೆಳಗೇ ನಿಂತು ಒಂದೊಂದು ತೂತನ್ನೂ ನೋಡಿದರು. ಅವರು ಹಾಗೆ ನಿಂತದ್ದರಿಂದ ಕೆಲಸ ಚೆನ್ನಾಯಿತು.

ವೆಲ್ಡ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಆ ಗುರುತುಗಳನ್ನೆಲ್ಲ ಉಜ್ಜಿ ಸತುವಿನ ಪೇಂಟ್ ಬಳಿದು, ಆಮೇಲೆ ಜಿಐಗೆ ಹೊಂದುವ ಪ್ರೈಮರ್, ಅದರ ಮೇಲೆ ಬಣ್ಣ. ಸಾಮಾನ್ಯ ಎನಾಮೆಲ್ ಪೇಂಟನ್ನು ನೇರವಾಗಿ ಜಿಐ ಮೇಲೆ ಹೊಡೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಬಣ್ಣದ ಬಗ್ಗೆ ಚರ್ಚೆ ನಡೆಯಿತು. ಹಸಿರು ಅಂದರು ಅಂಗಡಿಯವರು. ಎಲೆಯ ಪಕ್ಕದಲ್ಲಿ ಪೇಂಟಿನ ಹಸಿರು ಯಾವಾಗಲೂ ಸುಳ್ಳು ಹಸಿರಾಗಿಯೇ ಕಾಣುತ್ತದೆ. ಗೋಡೆ ಬೆಣ್ಣೆ ಬಣ್ಣದ್ದು, ಹಂದರಕ್ಕೆ ಗಾಢ ಬೂದು ಬಳಿಸಿದೆವು. ಮೊದಲ ವರ್ಷ ಹಂದರ ಬೆತ್ತಲಾಗಿಯೇ ಇರುತ್ತದೆ, ಆಗಲೂ ಅದು ನೋಡುವಂತಿರಬೇಕು. ಚೌಕಟ್ಟಿನ ಮೇಲಂಚನ್ನು ಕಿಟಕಿಯ ಸಜ್ಜಾದ ಗೆರೆಗೆ, ಒಂದು ಅಡ್ಡ ತಂತಿಯನ್ನು ಕಿಟಕಿಯ ಕೆಳಗೆರೆಗೆ ಹೊಂದಿಸಿದೆವು. ಇಷ್ಟು ಮಾಡಿದರೆ ಹಂದರ ಆಮೇಲೆ ತಂದು ನೇತುಹಾಕಿದ್ದು ಅನ್ನಿಸುವುದಿಲ್ಲ, ಮನೆಯ ಜೊತೆಗೇ ಬಂದದ್ದು ಅನ್ನಿಸುತ್ತದೆ. ನಾಲ್ಕಿಂಚು ಹೊರಗಿರುವುದರಿಂದ ಮಧ್ಯಾಹ್ನ ತಂತಿಗಳ ನೆರಳು ಗೋಡೆಯ ಮೇಲೆ ಓರೆಯಾಗಿ ಬಿದ್ದು, ಬಿಸಿಲು ಇಳಿದಂತೆ ಸರಿಯುತ್ತಾ ಹೋಗುತ್ತದೆ. ಬಳ್ಳಿ ಬರುವ ಮೊದಲೇ ಅಮ್ಮನಿಗೆ ಅದು ಹಿಡಿಸಿತ್ತು.

ಇಡೀ ಗೋಡೆ ಮುಚ್ಚಲಿಲ್ಲ. ಅರ್ಧಕ್ಕಿಂತ ಹೆಚ್ಚು ಗೋಡೆ ಖಾಲಿ ಬಿಟ್ಟೆವು. ಬಳ್ಳಿಯ ಆಕಾರ ಕಾಣಬೇಕಾದರೆ ಅದರ ಸುತ್ತ ಖಾಲಿ ಗೋಡೆ ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಕಡೆ ಹಬ್ಬಿಸಿದ ಗೋಡೆ ದೂರದಿಂದ ನೋಡಿದರೆ ಪಾಳುಮನೆಯ ಗೋಡೆಯೇ.

ಮಣ್ಣು

ಓಣಿ ಅಗೆದಾಗ ಸಿಕ್ಕಿದ್ದು ಇಟ್ಟಿಗೆ ಚೂರು, ಟೈಲ್ಸ್ ತುಂಡು, ಗಟ್ಟಿಯಾದ ಸಿಮೆಂಟು. ಕಟ್ಟಡದ ಕಸವನ್ನೆಲ್ಲ ಸುತ್ತಲಿನ ಓಣಿಗೆ ತುಂಬಿ ಮೇಲೆ ಎರಡಿಂಚು ಮಣ್ಣು ಹಾಕುವುದು ಎಲ್ಲ ಕಡೆ ನಡೆಯುವ ಕೆಲಸ. ಸಿಮೆಂಟು, ಸುಣ್ಣ ಬೆರೆತ ಮಣ್ಣು ಕ್ಷಾರವಾಗುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ನರ ಮಾತ್ರ ಹಸಿರಾಗಿ ಉಳಿದು ಎಲೆಗಳು ಹಳದಿಯಾಗುತ್ತವೆ. ಜನ ಗೊಬ್ಬರದ ಮೇಲೆ ಗೊಬ್ಬರ ಹಾಕುತ್ತಾರೆ, ಗಿಡ ಏಳುವುದೇ ಇಲ್ಲ. ಇಲ್ಲಿ ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆಸಿ, ಕಸವನ್ನೆಲ್ಲ ಹೊರಗೆ ಸಾಗಿಸಿ, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು, ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿಸಿದೆವು.

ಗುಂಡಿ ಗೋಡೆಯಿಂದ ಒಂದೂವರೆ ಅಡಿ ದೂರ. ಗಿಡವನ್ನು ಗೋಡೆಯ ಕಡೆ ವಾಲಿಸಿ ನೆಟ್ಟರೆ ತಾನೇ ಹಂದರ ಸೇರುತ್ತದೆ. ನೀರಿನ ಪಾತಿಯ ಇಳಿಜಾರು ಕಾಂಪೌಂಡಿನ ಕಡೆಗೆ. ಪಾಯದ ಪಕ್ಕ ನೀರು ನಿಲ್ಲದಿದ್ದರೆ ಬೇರಿಗೂ ಆ ಕಡೆ ಹೋಗಲು ಕಾರಣ ಇರುವುದಿಲ್ಲ. ಮೇಷ್ಟ್ರ ಎರಡನೇ ಭಯಕ್ಕೆ ಇದೇ ಉತ್ತರ. ಆಲ, ಅರಳಿಯ ಬೇರಿನ ಹಾಗೆ ಜಾಜಿಯ ಬೇರು ಪಾಯ ಸೀಳುವುದಿಲ್ಲ.

ಮೊದಲ ಎರಡು ವರ್ಷ

ಹಂದರ ಬೇಸಿಗೆಯಲ್ಲೇ ಮುಗಿದಿತ್ತು. ಗಿಡ ನೆಟ್ಟದ್ದು ಜೂನ್ ಮೊದಲ ಮಳೆ ಬಿದ್ದ ಮೇಲೆ.

ಈ ಹಂತದಲ್ಲೇ ಜಾಸ್ತಿ ಬಳ್ಳಿಗಳು ಕೆಡುವುದು. ನೋಡಿಕೊಳ್ಳದೆ ಬಿಟ್ಟ ಮಧುಮಾಲತಿ ಸೀದಾ ಮೇಲಕ್ಕೆ ಓಡುತ್ತದೆ. ಮೇಲೆ ಹೋಗಿ ಅಲ್ಲೇ ಎಲೆ, ಅಲ್ಲೇ ಹೂವು. ಕೆಳಗೆ ಬರೀ ಕಡ್ಡಿ. ಬೀದಿಯಲ್ಲಿ ನಿಂತವರಿಗೆ ಕಾಣುವುದು ಆ ಕಡ್ಡಿಯೇ. ತುದಿಯ ಮೊಗ್ಗು ಜೀವಂತ ಇರುವ ತನಕ ಕೆಳಗಿನ ಗೆಣ್ಣುಗಳು ಮಲಗಿರುತ್ತವೆ, ಅದು ಗಿಡದ ಸ್ವಭಾವ. ಹಾಗಾಗಿ ಗಿಡ ಮೊಣಕಾಲೆತ್ತರ ಬಂದಾಗಲೇ ತುದಿ ಚಿವುಟಬೇಕು. ನಾಲ್ಕೈದು ಕವಲು ಒಡೆದ ಮೇಲೆ ಅವನ್ನು ಬೀಸಣಿಗೆಯ ಹಾಗೆ ಹರಡಿ, ಹೊರಗಿನ ಎರಡನ್ನು ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಮಲಗಿಸಿ ಕಟ್ಟಬೇಕು. ಮಲಗಿಸಿದ ಕಾಂಡದ ಒಂದೊಂದು ಗೆಣ್ಣಿನಿಂದಲೂ ಚಿಗುರು ಏಳುತ್ತದೆ. ಅವು ಮೇಲಕ್ಕೆ ಹೋಗುತ್ತವೆ, ಬುಡದಿಂದಲೇ ಹಂದರ ತುಂಬುತ್ತದೆ.

ಎಳೆಯ ಬಳ್ಳಿಯ ತುದಿ ಚಿವುಟಲು ಯಾರಿಗೂ ಮನಸ್ಸು ಬರುವುದಿಲ್ಲ. ಮೇಷ್ಟ್ರು ಕತ್ತರಿ ಹಿಡಿದು, "ಈಗ ತಾನೇ ಬರ್ತಾ ಇದೆ, ಪಾಪ" ಎಂದು ನಿಂತುಬಿಟ್ಟರು. ಒಂದು ಕಡೆಯ ಜಾಜಿಯ ತುದಿ ನಾನು ಚಿವುಟಿದೆ, ಇನ್ನೊಂದು ಕಡೆಯದನ್ನು ಅವರು ಹಾಗೇ ಬಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡರ ವ್ಯತ್ಯಾಸ ಯಾರು ಬೇಕಾದರೂ ನೋಡಬಹುದಿತ್ತು. ಆಮೇಲೆ ಕತ್ತರಿ ಅವರ ಕೈಯಲ್ಲೇ ಉಳಿಯಿತು.

ಕಟ್ಟಲು ಅಮ್ಮ ಹಳೆಯ ಹತ್ತಿ ಸೀರೆಯನ್ನು ಹರಿದು ಪಟ್ಟಿ ಮಾಡಿಟ್ಟಿದ್ದರು. ಬಾಳೆಪಟ್ಟೆ, ತೆಂಗಿನ ನಾರಿನ ಹುರಿಯೂ ಆಗುತ್ತದೆ. ಪ್ಲಾಸ್ಟಿಕ್ ದಾರ, ತಂತಿ ಬೇಡವೇ ಬೇಡ, ಕಾಂಡ ದಪ್ಪಗಾದಾಗ ಕತ್ತು ಹಿಸುಕಿದಂತೆ ಕೊಯ್ಯುತ್ತವೆ. ತಂತಿಗೂ ಕಾಂಡಕ್ಕೂ ನಡುವೆ ಒಂದು ತಿರುವು ಕೊಟ್ಟು ಕಟ್ಟಿದರೆ ಗಾಳಿಗೆ ಉಜ್ಜುವುದಿಲ್ಲ. ಬಳ್ಳಿಯನ್ನು ಚೌಕಟ್ಟಿನ ಮುಂದೆಯೇ ಕಟ್ಟಬೇಕು, ಹಿಂದೆ ತೂರಿಸಬಾರದು. ಹಿಂದೆ ಹೋದ ಕುಡಿಯನ್ನು ವಾರಕ್ಕೊಮ್ಮೆ ಮುಂದಕ್ಕೆ ಎಳೆದುಕೊಳ್ಳಬೇಕು. ಆ ನಾಲ್ಕಿಂಚು ಖಾಲಿ ಉಳಿಯುವುದು ಇದರಿಂದ ಮಾತ್ರ.

ಮೊದಲ ವರ್ಷ ಶಂಖಪುಷ್ಪದ ನೀಲಿ, ಒಂದಷ್ಟು ಹೀರೇಕಾಯಿ, ಅಷ್ಟೇ. ಎರಡನೇ ಮಳೆಗಾಲಕ್ಕೆ ಜಾಜಿ ಹೂ ಬಿಟ್ಟಿತು. ಮಧುಮಾಲತಿ ಕೆಳಗಿನ ಚೌಕಟ್ಟನ್ನು ತುಂಬಿ ಮೇಲಿನದಕ್ಕೆ ಹತ್ತಿತು.

ಕೋಣೆಯ ಬಿಸಿ? ನೆರಳು ಬಿದ್ದ ಗೋಡೆಯನ್ನೂ ಬಿಸಿಲು ಬಿದ್ದ ಗೋಡೆಯನ್ನೂ ಸಂಜೆ ಅಂಗೈ ಇಟ್ಟು ನೋಡಿದರೆ ತಿಳಿಯುತ್ತದೆ. ಬಿಸಿಲು ಎಲೆಯ ಮೇಲೇ ನಿಲ್ಲುತ್ತದೆ. ಎಲೆ ನೀರಾವಿ ಬಿಟ್ಟು ತನ್ನನ್ನು ತಂಪಾಗಿಸಿಕೊಳ್ಳುತ್ತದೆ. ಹಿಂದಿನ ಸಂದಿಯಲ್ಲಿ ಗಾಳಿ ಆಡುವುದರಿಂದ ಬಿಸಿ ನಿಲ್ಲುವುದಿಲ್ಲ. ಮೂರನೇ ಬೇಸಿಗೆಯಲ್ಲಿ ಅವರು ಹಾಸಿಗೆಯನ್ನು ಹಾಲ್‌ಗೆ ತರಲಿಲ್ಲ. ಫ್ಯಾನ್ ಅಂತೂ ಬೇಕೇ ಬೇಕಾಯಿತು. ಇದು ನೆಲ ಅಂತಸ್ತಿನ ಕೋಣೆ ಎನ್ನುವುದನ್ನು ಮರೆಯಬಾರದು. ಮೇಲಂತಸ್ತಿನಲ್ಲಿ ಬಿಸಿ ಹೆಚ್ಚಾಗಿ ಬರುವುದು ತಾರಸಿಯಿಂದ, ಗೋಡೆಗೆ ಬಳ್ಳಿ ಹಬ್ಬಿಸಿದರೆ ಅಲ್ಲಿ ಇಷ್ಟು ಲಾಭ ಸಿಗುವುದಿಲ್ಲ.

ಎದುರಾದ ತೊಂದರೆಗಳು

ಜಾಜಿಗೆ ಮೊಗ್ಗು ಕೊರೆಯುವ ಹುಳು ಬಂತು. ಮೊಗ್ಗಿನಲ್ಲಿ ತೂತು, ಸುತ್ತ ನವಿರಾದ ಬಲೆ. ಮನೆಮಟ್ಟಿಗೆ ಅಂಥ ಮೊಗ್ಗುಗಳನ್ನು ಆರಿಸಿ ತೆಗೆದು ನಾಶ ಮಾಡುವುದೇ ಒಳ್ಳೆಯ ದಾರಿ, ಜೊತೆಗೆ ಬೇವಿನ ಎಣ್ಣೆ ಸಿಂಪಡಿಸುವುದು. ಎಳೆಚಿಗುರಿಗೆ ಹಿಟ್ಟು ತಿಗಣೆಯೂ ಬಂದಿತ್ತು. ಇರುವೆ ಸಾಲು ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿದರೆ ಅದು ಸಿಗುತ್ತದೆ. ನೀರ ರಭಸಕ್ಕೆ ತೊಳೆದುಹೋಯಿತು.

ಇಲಿ ಬಂದದ್ದು ದೊಡ್ಡ ವಿಷಯ. ಮಧುಮಾಲತಿ ಪ್ಯಾರಾಪೆಟ್ ಮುಟ್ಟಿದ ವರ್ಷ ಇಲಿಗಳು ಬಳ್ಳಿ ಹಿಡಿದು ತಾರಸಿಗೆ ಹತ್ತಿದವು, ಅಲ್ಲಿ ಒಣಗಲು ಇಟ್ಟ ಹಪ್ಪಳ ತಿಂದವು. ಅಂದಿನಿಂದ ಬಳ್ಳಿಯನ್ನು ಪ್ಯಾರಾಪೆಟ್‌ಗಿಂತ ಎರಡಡಿ ಕೆಳಗೇ ನಿಲ್ಲಿಸುತ್ತಾರೆ. ಕಿಟಕಿಯ ಸುತ್ತಲೂ ಒಂದು ಗೇಣು ಖಾಲಿ.

ಹಾವಿನ ಭಯಕ್ಕೂ ಇಂಥದೇ ಶಿಸ್ತು ಬೇಕು. ಹಾವು ಬರುವುದು ಇಲಿಗೆ, ಕಪ್ಪೆಗೆ, ಅಡಗುವ ಜಾಗಕ್ಕೆ. ಹಂದರದ ಕೆಳಗಿನ ಒಂದೂವರೆ ಅಡಿ ಎಲೆ ಇಲ್ಲದೆ ಬರಿದಾಗಿರಬೇಕು. ಓಣಿಯಲ್ಲಿ ತರಗೆಲೆ, ಒಡೆದ ಕುಂಡ, ಹಳೆ ಹಲಗೆ ರಾಶಿ ಹಾಕಬಾರದು. ನೆಲ ಈ ತುದಿಯಿಂದ ಆ ತುದಿಗೆ ಕಾಣುತ್ತಿರಬೇಕು. ಮೇಷ್ಟ್ರು ದಿನಾ ಬೆಳಿಗ್ಗೆ ಗುಡಿಸುತ್ತಾರೆ.

ಒಂದು ಸಲ ಸವರುವ ಕೆಲಸವನ್ನೇ ಮುಂದೂಡಬೇಕಾಯಿತು. ಜಾಜಿಯೊಳಗೆ ಪಿಕಳಾರ ಗೂಡು ಕಟ್ಟಿತ್ತು. ಮರಿ ಹಾರಿಹೋಗುವ ತನಕ ಅಮ್ಮ ಯಾರನ್ನೂ ಹತ್ತಿರ ಬಿಡಲಿಲ್ಲ, ಬಿಡಬಾರದು ಕೂಡ.

ಖರ್ಚಿನ ಲೆಕ್ಕದಲ್ಲಿ ಬಹುಪಾಲು ಹೋದದ್ದು ಚೌಕಟ್ಟಿಗೆ, ಅದರ ನಂತರ ಮಣ್ಣು ಸಾಗಿಸಿದ್ದಕ್ಕೆ. ಗಿಡಗಳದ್ದು ಲೆಕ್ಕಕ್ಕೇ ಬರುವುದಿಲ್ಲ. ಎಲ್ಲ ಸೇರಿ ಕಲ್ಲಿನ ಕ್ಲಾಡಿಂಗ್‌ಗೆ ಕೇಳಿದ್ದ ದುಡ್ಡಿನ ಅರ್ಧಕ್ಕಿಂತ ಕಡಿಮೆಯೇ ಆಯಿತು.

ಬಣ್ಣ ಹೊಡೆದ ವರ್ಷ

ಕೀಲು, ಕೊಕ್ಕೆಯ ಪರೀಕ್ಷೆ ಆದದ್ದು ಐದನೇ ವರ್ಷ. ಜನವರಿಯಲ್ಲಿ ಜಾಜಿಯನ್ನು ಹೇಗೂ ಸವರಬೇಕು, ಅದೇ ಹೊತ್ತಿಗೆ ಬಣ್ಣದವರನ್ನು ಕರೆದರು. ಜಾಜಿಯನ್ನು ಸೊಂಟದೆತ್ತರಕ್ಕೆ ಕತ್ತರಿಸಿ, ಮೇಲಿನ ಬೋಲ್ಟ್ ತೆಗೆದು, ಚೌಕಟ್ಟನ್ನು ಮುಂದಕ್ಕೆ ಬಾಗಿಸಿ ಕಾಂಪೌಂಡಿಗೆ ಒರಗಿಸಿದರು. ಬುಡ ಗೋಡೆಯಿಂದ ದೂರ ಇದ್ದದ್ದರಿಂದ ಕಾಂಡವೂ ಜೊತೆಗೇ ಬಾಗಿತು. ಮಧುಮಾಲತಿಯ ಕಾಂಡ ಅಷ್ಟು ಹೊತ್ತಿಗೆ ಮಣಿಕಟ್ಟಿನಷ್ಟು ದಪ್ಪ, ಅದು ಬಾಗುವುದಿಲ್ಲ. ಮೊಣಕಾಲೆತ್ತರಕ್ಕೆ ಕಡಿದುಬಿಟ್ಟರು. ಗೋಡೆ ಮತ್ತೆ ಬೋಳಾಯಿತು ಎಂದು ಬೀದಿಯವರೆಲ್ಲ ಕೇಳಿದರಂತೆ. ಬುಡದಲ್ಲಿ ಬೇರಿನ ಬಲ ಇತ್ತು. ಮಳೆಗಾಲ ಮುಗಿಯುವ ಮೊದಲೇ ಎರಡೂ ಚೌಕಟ್ಟು ತುಂಬಿದವು. ಹೊಸ ಚಿಗುರೇ ಆದ್ದರಿಂದ ಕೆಳಗಿನಿಂದ ಮೇಲಿನ ತನಕ ಹೂವು.

ಬಳ್ಳಿಯ ಹಿಂದಿದ್ದ ಗೋಡೆಯ ಬಣ್ಣ ಖಾಲಿ ಬಿಟ್ಟ ಭಾಗಕ್ಕಿಂತ ಚೆನ್ನಾಗಿಯೇ ಉಳಿದಿತ್ತು. ಬಿಸಿಲು, ಎರಚಲು ಎರಡೂ ಕಡಿಮೆ ತಾಗಿದ್ದವು. ಬೋಲ್ಟಿನ ಸುತ್ತ ಎಲ್ಲೂ ತೇವದ ಗುರುತಿರಲಿಲ್ಲ. ಎರಡು ಕಡೆ ಸಿಲಿಕಾನ್ ಸೀಳಿತ್ತು, ಅದನ್ನು ತೆಗೆದು ಹೊಸದು ತುಂಬಿಸಿದರು. ತುಕ್ಕು ಹಿಡಿದದ್ದು ಒಂದು ವೆಲ್ಡಿನ ಹತ್ತಿರ ಮಾತ್ರ.

ಈಗ ಮೇಷ್ಟ್ರು ದಕ್ಷಿಣದ ಗೋಡೆಗೂ ಇದನ್ನೇ ಮಾಡೋಣ ಎನ್ನುತ್ತಿದ್ದಾರೆ. ಬೇಡ ಎಂದಿದ್ದೇನೆ. ಮೈಸೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ ಮೂರನೇ ವಾರದ ತನಕ ನಡುಹಗಲಲ್ಲಿ ಆ ಕಡೆಯೇ ಇರುತ್ತಾನೆ. ಅಷ್ಟು ದಿನ ದಕ್ಷಿಣದ ಗೋಡೆಗೆ ನೇರ ಬಿಸಿಲು ಇಲ್ಲ ಎಂದರೂ ಸರಿ. ಅಲ್ಲಿ ಬಿಸಿಲು ಬೀಳುವುದು ಚಳಿಗಾಲದಲ್ಲಿ. ಡಿಸೆಂಬರ್ ಬಿಸಿಲು ಅವರ ಅಡುಗೆಮನೆಗೆ ಬೇಕು. ಪಕ್ಕದ ಮನೆಯ ಗೋಡೆ ಎದುರಿಗೇ ಇರುವುದರಿಂದ ಅದು ಬೀದಿಗೂ ಕಾಣುವುದಿಲ್ಲ. ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಎರಡು ತಂತಿ ಎಳೆದು ಬಸಳೆ ಹಾಕಿ, ಹುಳಿಗೆ ಆಗುತ್ತದೆ ಎಂದೆ. ಅಮ್ಮ ಕೂಡಲೇ ಒಪ್ಪಿದರು. ಮೇಷ್ಟ್ರು ಇನ್ನೂ ಯೋಚಿಸುತ್ತಿದ್ದಾರೆ.